ಋಣ ಬೇರೆ, ಕುರ್ಚಿ ಬೇರೆ: ಹಳೆಯ ನಂಬಿಗಸ್ಥ ಮ್ಯಾನೇಜರರಿಗೆ ಹೊಸ ಹೊಣೆ ಒಪ್ಪಿಸುವುದು ಹೇಗೆ?

ಧಾರವಾಡದಿಂದ ಸವದತ್ತಿ ಕಡೆಗೆ ಹೊರಟರೆ ಸಿಗುವ ಅಮ್ಮಿನಬಾವಿಯಲ್ಲಿ ನಿಮ್ಮದೊಂದು ಕಾಳು ಸ್ವಚ್ಛಗೊಳಿಸುವ ಘಟಕ ಇದೆ ಎಂದುಕೊಳ್ಳಿ. ಅದರ ಜೊತೆಗೆ ಬೀಜ-ಗೊಬ್ಬರದ ಅಂಗಡಿಯೂ ಇದೆ. ಶುರುವಾದಾಗ ನಾಲ್ಕು ಆಳು, ಒಂದು ತಕ್ಕಡಿ, ಒಂದು ಕಿರ್ದಿ ಪುಸ್ತಕ. ಅಂದಿನಿಂದ ಇಂದಿನವರೆಗೆ ಒಬ್ಬರೇ ಮ್ಯಾನೇಜರು. ಊರವರು ಅವರನ್ನು ಇನ್ನೂ ‘ದಿವಾನಜಿ’ ಎಂದೇ ಕರೆಯುತ್ತಾರೆ. ಯಾವ ರೈತ ಹೇಳಿದ ದಿನಕ್ಕೆ ಮಾಲು ತರುತ್ತಾನೆ, ಯಾವ ಹೊಲದ ಕಡಲೆಯಲ್ಲಿ ಹಸಿ ಹೆಚ್ಚು ಎಂಬುದೆಲ್ಲ ಅವರ ತಲೆಯಲ್ಲಿದೆ. ಈಗ ಕೆಲಸಗಾರರು ಮೂವತ್ತು, ಲಾರಿಗಳು ಮೂರು, ಬ್ಯಾಂಕಿನ ಸಾಲ ಕೋಟಿಯ ಹತ್ತಿರ. ಜಿಎಸ್‌ಟಿ ವಿವರ ತಡವಾಗುತ್ತಿದೆ, ದಾಸ್ತಾನು ತಾಳೆಯಾಗುತ್ತಿಲ್ಲ, ಹೊಸ ಹುಡುಗರು ಆರು ತಿಂಗಳಲ್ಲಿ ಬಿಟ್ಟು ಹೋಗುತ್ತಿದ್ದಾರೆ. ಎಲ್ಲ ಪ್ರಶ್ನೆಯೂ ಕೊನೆಗೆ ಅವರ ಮೇಜಿಗೇ ಬಂದು ನಿಲ್ಲುತ್ತದೆ.

ಏನು ಮಾಡಬೇಕೆಂದು ನಿಮಗೆ ಗೊತ್ತಿದೆ. ಆದರೂ ಎರಡು ವರ್ಷದಿಂದ ಮುಂದೂಡುತ್ತ ಬಂದಿದ್ದೀರಿ. ‘ಅಟ್ಟ ಹತ್ತಿ ಏಣಿ ಒದ್ದ’ ಎಂದು ಊರು ಆಡಿಕೊಳ್ಳುತ್ತದೆ ಎಂಬ ಭಯ ಒಂದು ಕಡೆ, ಅವರ ಮುಖ ನೋಡಿ ಹೇಳುವುದು ಹೇಗೆ ಎಂಬ ಸಂಕಟ ಇನ್ನೊಂದು ಕಡೆ.

ಈ ಲೇಖನ ನಿಮ್ಮಂಥವರಿಗೆ. ಗಿರಣಿ, ದಲಾಲಿ ಅಂಗಡಿ, ಸಾರಿಗೆ ವ್ಯವಹಾರ, ಶಾಲೆ ನಡೆಸುವ ಟ್ರಸ್ಟ್, ರೈತ ಉತ್ಪಾದಕ ಕಂಪನಿ, ಸಹಕಾರ ಸಂಘ – ಎಲ್ಲಿಯೇ ಇರಲಿ, ತೊಡಕಿನ ಮೂಲ ಒಂದೇ. ಹಳೆಯ ಮ್ಯಾನೇಜರರ ಋಣವನ್ನು ಕುರ್ಚಿಯ ರೂಪದಲ್ಲಿ ತೀರಿಸಲು ಹೊರಟಿದ್ದೇವೆ. ಋಣ ನಿಜ, ತೀರಿಸಲೇಬೇಕು. ಆದರೆ ಅದನ್ನು ಹಣದಲ್ಲಿ, ಮಾನದಲ್ಲಿ, ಅರ್ಥವುಳ್ಳ ಕೆಲಸದಲ್ಲಿ ತೀರಿಸಬೇಕು. ಕುರ್ಚಿ ಮಾತ್ರ ಮುಂದಿನ ಕೆಲಸಕ್ಕೆ ಸೇರಿದ್ದು.

ಹೀಗೇಕೆ ಆಗುತ್ತದೆ?

ಒಂದು ಹೋಲಿಕೆ ನೋಡಿ. ಅಮ್ಮಿನಬಾವಿಯ ನೀರು ಶುದ್ಧೀಕರಣ ಘಟಕದಿಂದಲೇ ಮಲಪ್ರಭಾ ನದಿಯ ನೀರು ಹುಬ್ಬಳ್ಳಿ-ಧಾರವಾಡಕ್ಕೆ ಹೋಗುತ್ತದೆ. ಅವಳಿ ನಗರ ಬೆಳೆದಂತೆ ಹಳೆಯ ಕೊಳವೆ ಸಾಲದಾಯಿತು ಎಂದರೆ ಯಾರೂ ಕೊಳವೆಯನ್ನು ಬೈಯುವುದಿಲ್ಲ. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ‘ಅವರು ಮೊದಲಿನ ಹಾಗೆ ಇಲ್ಲ’ ಎನ್ನುತ್ತೇವೆ. ಅವರು ಮೊದಲಿನ ಹಾಗೆಯೇ ಇದ್ದಾರೆ. ಬದಲಾದದ್ದು ಕೆಲಸ.

ಎಷ್ಟು ಬದಲಾಯಿತು ನೋಡಿ. 2014ರಿಂದ ಕರ್ನಾಟಕದ ಕೃಷಿ ಮಾರುಕಟ್ಟೆಗಳಿಗೆ ಆನ್‌ಲೈನ್ ಟೆಂಡರಿನ ಏಕೀಕೃತ ವೇದಿಕೆ ಬಂತು. ಅಮರಗೋಳದ ಎಪಿಎಂಸಿಯಲ್ಲಿ ಕಾಳನ್ನು ಅಂಗೈಯಲ್ಲಿ ಹಿಡಿದು ದರ ಹೇಳುತ್ತಿದ್ದವರು ಪರದೆ ನೋಡಬೇಕಾಯಿತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. 2018ರ ಏಪ್ರಿಲ್ 1ರಿಂದ ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಕಡ್ಡಾಯವಾಯಿತು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಅದರ ಬಂಡವಾಳ ಪರಸ್ಪರ ಪರಿಚಯ ಮತ್ತು ವಿಶ್ವಾಸವಾಗಿತ್ತು. ಇಂದಿನ ಸಂಘದ ಕಾರ್ಯದರ್ಶಿಗೆ ಆ ವಿಶ್ವಾಸದ ಜೊತೆಗೆ ತಂತ್ರಾಂಶ, ಲೆಕ್ಕಪರಿಶೋಧನೆ, ಹತ್ತಾರು ಇಲಾಖೆಗಳ ನಮೂನೆಗಳೂ ತಿಳಿದಿರಬೇಕು.

ನಿರ್ವಹಣಾ ಶಾಸ್ತ್ರ ಇದನ್ನು ಬಹಳ ಹಿಂದೆಯೇ ಗುರುತಿಸಿದೆ. ಲಾರೆನ್ಸ್ ಪೀಟರ್ ಮತ್ತು ರೇಮಂಡ್ ಹಲ್ 1969ರಲ್ಲಿ ಬರೆದರು: ಚೆನ್ನಾಗಿ ಕೆಲಸ ಮಾಡುವವರಿಗೆ ಬಡ್ತಿ ಕೊಡುತ್ತ ಹೋದರೆ, ತಮ್ಮ ಕೈಲಾಗದ ಮೆಟ್ಟಿಲಿಗೆ ಬಂದು ಅವರು ನಿಲ್ಲುತ್ತಾರೆ. ಅರ್ಧ ತಮಾಷೆಯ ಆ ಮಾತನ್ನು ಅಲನ್ ಬೆನ್ಸನ್, ಡ್ಯಾನಿಯೆಲ್ ಲೀ, ಕೆಲ್ಲಿ ಶೂ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮಾರಾಟ ಸಿಬ್ಬಂದಿಯ ದಾಖಲೆಗಳಲ್ಲಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ಮಾರಾಟದಲ್ಲಿ ಮುಂದಿದ್ದವರಿಗೆ ಬಡ್ತಿ ಸಿಗುವ ಸಂಭವ ಹೆಚ್ಚಿತ್ತು, ಆದರೆ ಅವರ ಕೈಕೆಳಗಿನವರ ಸಾಧನೆ ಕುಗ್ಗುತ್ತಿತ್ತು. ಅದಕ್ಕೂ ಮೊದಲು, 1972ರಲ್ಲಿ, ಲ್ಯಾರಿ ಗ್ರೈನರ್ ಇನ್ನೊಂದು ಮುಖ ತೋರಿಸಿದ್ದರು: ಸಂಸ್ಥೆಯನ್ನು ಒಂದು ಹಂತದವರೆಗೆ ಬೆಳೆಸಿದ ಕೆಲಸದ ರೀತಿಯೇ ಮುಂದಿನ ಹಂತದಲ್ಲಿ ಬಿಕ್ಕಟ್ಟಿಗೆ ಕಾರಣವಾಗುತ್ತದೆ.

ಇದು ತಿಳಿದರೆ ಒಂದು ಲಾಭವಿದೆ. ‘ನೀವು ಸೋತಿರಿ’ ಎಂಬ ಮಾತು ನಿಮ್ಮ ಬಾಯಿಂದ ಬರುವುದಿಲ್ಲ, ಏಕೆಂದರೆ ಅದು ನಿಜವಲ್ಲ.

ಮೊದಲ ಪರೀಕ್ಷೆ: ತೊಡಕು ಅವರದೋ, ನಿಮ್ಮದೋ?

ಯಾರ ಜೊತೆಗೂ ಮಾತಾಡುವ ಮೊದಲು ಈ ಐದು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆಯಿರಿ.

1. ಅವರಿಂದ ಏನು ನಿರೀಕ್ಷಿಸುತ್ತೀರಿ ಎಂದು ಸ್ಪಷ್ಟವಾಗಿ ಹೇಳಿದ್ದೀರಾ, ಅಥವಾ ‘ಅವರಿಗೆ ಗೊತ್ತಿರಬೇಕು’ ಎಂದು ಸುಮ್ಮನಿದ್ದೀರಾ?
2. ಹೊಸ ಕೆಲಸ ಕಲಿಯಲು ಸಮಯ, ತರಬೇತಿ, ಒಬ್ಬ ಸಹಾಯಕ – ಇವುಗಳಲ್ಲಿ ಏನನ್ನಾದರೂ ಕೊಟ್ಟಿದ್ದೀರಾ?
3. ಅವರು ತೆಗೆದುಕೊಂಡ ನಿರ್ಧಾರವನ್ನು ಸಂಜೆ ಮನೆಯಿಂದ ಫೋನ್ ಮಾಡಿ ಬದಲಿಸುವ ಅಭ್ಯಾಸ ನಿಮಗಿದೆಯೇ?
4. ನಾಳೆ ಒಬ್ಬ ಚುರುಕಾದ ಹೊಸಬ ಈ ಕುರ್ಚಿಗೆ ಬಂದರೆ, ಇದೇ ಸಂಬಳ, ಇದೇ ಅಧಿಕಾರದಲ್ಲಿ ಗೆಲ್ಲಬಲ್ಲನೇ?
5. ತೊಡಕು ಒಂದೆರಡು ಕೆಲಸಗಳದ್ದೋ, ಇಡೀ ಹುದ್ದೆಯದ್ದೋ?

ಮೊದಲ ಮೂರಕ್ಕೆ ನಿಮ್ಮ ಉತ್ತರ ಮುಜುಗರ ತಂದರೆ, ಅಥವಾ ನಾಲ್ಕನೆಯದಕ್ಕೆ ‘ಇಲ್ಲ’ ಎಂದಾದರೆ, ಹುದ್ದೆ ಬದಲಿಸುವ ಮೊದಲು ನಿಮ್ಮ ಪದ್ಧತಿ ಬದಲಾಗಬೇಕು. ಐದನೆಯದಕ್ಕೆ ‘ಒಂದೆರಡು’ ಎಂದು ಉತ್ತರ ಬಂದರೆ ಒಬ್ಬ ಲೆಕ್ಕಿಗರನ್ನು ನೇಮಿಸಿಕೊಂಡರೆ ಸಾಕಾಗಬಹುದು. ಇವೆಲ್ಲ ದಾಟಿದ ಮೇಲೂ ‘ಇಡೀ ಹುದ್ದೆಯೇ ಅವರನ್ನು ಮೀರಿದೆ’ ಎಂದು ಕಂಡರೆ ಮುಂದುವರಿಯಿರಿ.

ಇಲ್ಲಿ ಇನ್ನೊಂದು ಮಾತು. ‘ನಮ್ಮ ವ್ಯವಹಾರದ ಗುಟ್ಟೆಲ್ಲ ಅವರಿಗೆ ಗೊತ್ತು’ ಎಂಬ ಕಾರಣಕ್ಕೆ ಅವರನ್ನು ಕದಲಿಸಲು ಹೆದರುತ್ತಿದ್ದರೆ, ತೊಡಕು ಮ್ಯಾನೇಜರರದ್ದಲ್ಲ, ನಿಮ್ಮ ಲೆಕ್ಕದ್ದು. ಅದನ್ನು ಮೊದಲು ಸ್ವಚ್ಛ ಮಾಡಿಕೊಳ್ಳಿ.

ದೊಡ್ಡವರು ಮಾಡಿದ್ದು

ನಮ್ಮ ರಾಜ್ಯದ ಮೂರು ಕಂಪನಿಗಳಲ್ಲಿ ನಡೆದದ್ದು ಸಣ್ಣ ವ್ಯವಹಾರಕ್ಕೂ ಪಾಠವಾಗುತ್ತದೆ.

ಇನ್ಫೋಸಿಸ್‌ನಲ್ಲಿ ನಾರಾಯಣ ಮೂರ್ತಿಯವರು 2002ರಲ್ಲಿ ಸಿಇಒ ಹುದ್ದೆಯನ್ನು ನಂದನ್ ನಿಲೇಕಣಿಯವರಿಗೆ ಬಿಟ್ಟುಕೊಟ್ಟು ಅಧ್ಯಕ್ಷರಾಗಿ, ಮುಖ್ಯ ಮಾರ್ಗದರ್ಶಕರಾಗಿ ಉಳಿದರು. 2007ರಲ್ಲಿ ನಿಲೇಕಣಿ ಅದೇ ಹುದ್ದೆಯನ್ನು ಕ್ರಿಸ್ ಗೋಪಾಲಕೃಷ್ಣನ್ ಅವರಿಗೆ ಬಿಟ್ಟರು. ಎರಡು ಸಲವೂ ಕಂಪನಿ ಬೆಳೆಯುತ್ತಿರುವಾಗಲೇ ಹಸ್ತಾಂತರ ನಡೆಯಿತು. ಕಷ್ಟ ಬಂದ ಮೇಲೆ ಬದಲಿಸಿದರೆ ಜನ ಅದನ್ನು ಶಿಕ್ಷೆ ಎಂದು ಓದುತ್ತಾರೆ. ನಡೆಯುತ್ತಿರುವಾಗ ಬದಲಿಸಿದರೆ ವ್ಯವಸ್ಥೆ ಎಂದು ಓದುತ್ತಾರೆ.

ಮೈಂಡ್‌ಟ್ರೀಯ ಸ್ಥಾಪಕರಲ್ಲೊಬ್ಬರಾದ ಸುಬ್ರತೋ ಬಾಗ್ಚಿ 2008ರಲ್ಲಿ ಸಿಒಒ ಹುದ್ದೆ ಬಿಟ್ಟು ‘ಗಾರ್ಡನರ್’ ಎಂಬ ಪದನಾಮ ಇಟ್ಟುಕೊಂಡರು. ಹೆಸರು ಕೇಳಿ ನಕ್ಕವರೂ ಇದ್ದಿರಬಹುದು. ಆದರೆ ಹೊಣೆ ನಿಖರವಾಗಿತ್ತು: ಕಂಪನಿಯ ಮೇಲ್ಮಟ್ಟದ ನೂರು ಮಂದಿಯನ್ನು ನಾಯಕರಾಗಿ ಬೆಳೆಸುವುದು. ಪದನಾಮ ಏನೇ ಇರಲಿ, ಅದರ ಹಿಂದೆ ಅಳೆಯಬಹುದಾದ ಕೆಲಸ ಇದ್ದರೆ ಸಾಕು.

ವಿಪ್ರೋದಲ್ಲಿ 2016ರ ಫೆಬ್ರುವರಿಯಲ್ಲಿ ಟಿ.ಕೆ. ಕುರಿಯನ್ ಸಿಇಒ ಸ್ಥಾನದಿಂದ ಕಾರ್ಯನಿರ್ವಾಹಕ ಉಪಾಧ್ಯಕ್ಷರಾದರು. ಅವರ ಜಾಗಕ್ಕೆ ಬಂದ ಅಬಿದಾಲಿ ನೀಮೂಚ್‌ವಾಲಾ ಹಿಂದಿನ ವರ್ಷವೇ ಸಿಒಒ ಆಗಿ ಕಂಪನಿ ಸೇರಿದ್ದರು. ಹಾಗಾಗಿ ಹಳಬರೂ ಹೊಸಬರೂ ಕೆಲವು ತಿಂಗಳು ಜೊತೆಯಲ್ಲಿ ನಡೆದರು. ಕುರಿಯನ್ ಆಮೇಲೆ ಪ್ರೇಮ್‌ಜಿ ಕುಟುಂಬದ ಹೂಡಿಕೆ ಸಂಸ್ಥೆಯ ಹೊಣೆ ಹೊತ್ತರು. ಕುರ್ಚಿ ಹೋಯಿತು, ನಂಬಿಕೆ ಹೋಗಲಿಲ್ಲ.

ಆದರೆ ಒಂದು ವ್ಯತ್ಯಾಸ ಮರೆಯಬೇಡಿ. ಕಂಪನಿಯ ಸ್ಥಾಪಕರ ಕೈಯಲ್ಲಿ ಷೇರುಗಳಿರುತ್ತವೆ, ದೊಡ್ಡ ಕಂಪನಿಯ ಸಿಇಒಗೆ ಹೊರಗೂ ಬಾಗಿಲುಗಳು ತೆರೆದಿರುತ್ತವೆ. ನಿಮ್ಮ ದಿವಾನಜಿಗೆ ಇರುವುದು ತಿಂಗಳ ಸಂಬಳ ಮತ್ತು ಊರೊಳಗಿನ ಹೆಸರು, ಇವೆರಡೇ. ಬೆಂಗಳೂರಿನಲ್ಲಿ ಹುದ್ದೆ ಬಿಟ್ಟವರು ಮರುದಿನ ಕಣ್ಣಿಗೆ ಬೀಳುವುದಿಲ್ಲ. ಅಮ್ಮಿನಬಾವಿಯಲ್ಲಿ ಅವರು ಬಸ್‌ಸ್ಟ್ಯಾಂಡಿನಲ್ಲಿ, ಜಾತ್ರೆಯಲ್ಲಿ, ನಿಮ್ಮದೇ ಮನೆಯ ಮದುವೆಯಲ್ಲಿ ಎದುರಾಗುತ್ತಾರೆ. ಅದಕ್ಕೇ ನೀವು ಆ ದೊಡ್ಡ ಕಂಪನಿಗಳಿಗಿಂತ ಹೆಚ್ಚು ಎಚ್ಚರ ವಹಿಸಬೇಕು.

ಹಂತ ಹಂತವಾಗಿ

1. ಮನುಷ್ಯನನ್ನು ಬಿಟ್ಟು ಕೆಲಸವನ್ನು ಬರೆಯಿರಿ. ಒಂದು ಹಾಳೆಯಲ್ಲಿ ಮುಂದಿನ ಮೂರು ವರ್ಷ ಆ ಕುರ್ಚಿ ಮಾಡಬೇಕಾದ ಕೆಲಸಗಳ ಪಟ್ಟಿ ಮಾಡಿ. ಇನ್ನೊಂದರಲ್ಲಿ ಈಗಿನ ಮ್ಯಾನೇಜರರು ಬೇರೆ ಯಾರಿಗಿಂತಲೂ ಚೆನ್ನಾಗಿ ಮಾಡುವ ಕೆಲಸಗಳನ್ನು ಬರೆಯಿರಿ. ಮೊದಲ ಹಾಳೆ ಹೊಸ ಮ್ಯಾನೇಜರರ ಹುದ್ದೆ, ಎರಡನೆಯದು ಹಳಬರ ಹೊಸ ಹುದ್ದೆಯ ಬೀಜ. ಎರಡನೆಯ ಹಾಳೆ ಖಾಲಿ ಉಳಿದರೆ ಅವರಿಗೆ ಹೆಸರಿಗೊಂದು ಹುದ್ದೆ ಸೃಷ್ಟಿಸಬೇಡಿ. ಗೌರವದ ನಿವೃತ್ತಿಯ ಬಗ್ಗೆಯೇ ನೇರವಾಗಿ ಮಾತಾಡಿ.

2. ಹೊಸ ಹುದ್ದೆ ನಿಜವೇ ಎಂದು ತೂಗಿ ನೋಡಿ. ಮೂರು ತೂಕ ಸಾಕು. ಅವರು ಇಲ್ಲದಿದ್ದರೂ ಈ ಕೆಲಸಕ್ಕೆ ಯಾರನ್ನಾದರೂ ನೇಮಿಸುತ್ತಿದ್ದಿರಾ? ಇದರಲ್ಲಿ ಅವರು ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದಾದ ನಿರ್ಧಾರ ಒಂದಾದರೂ ಇದೆಯೇ? ವರ್ಷದ ಕೊನೆಗೆ ‘ಇದು ಆಯಿತು’ ಎಂದು ತೋರಿಸಬಹುದೇ? ‘ಸಲಹೆಗಾರರು’ ಎಂಬ ಹುದ್ದೆ ಸಾಮಾನ್ಯವಾಗಿ ಮೂರರಲ್ಲೂ ಸೋಲುತ್ತದೆ. ಮಾಲಿನ ಗುಣಮಟ್ಟ ಪರೀಕ್ಷೆ, ರೈತರ ಸಂಪರ್ಕ ಮತ್ತು ಖರೀದಿ, ಹೊಸ ಹುಡುಗರ ತರಬೇತಿ, ಹೊಸ ಶಾಖೆ ನೆಲೆಗೊಳಿಸುವುದು – ಇವು ಗೆಲ್ಲುತ್ತವೆ. ಬಾಕಿ ವಸೂಲಿಯೊಂದನ್ನೇ ಅವರ ಹೆಗಲಿಗೆ ಹಾಕಬೇಡಿ. ಇಪ್ಪತ್ತು ವರ್ಷ ಗಳಿಸಿದ ಸ್ನೇಹವನ್ನು ಒಂದೇ ಹಂಗಾಮಿನಲ್ಲಿ ಖರ್ಚು ಮಾಡಿಸಿದಂತಾಗುತ್ತದೆ.

3. ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಿ. ಇದನ್ನು ಹುದ್ದೆ ಬದಲಿಸುವ ಮೊದಲೇ ಆರಂಭಿಸಿ, ಎಲ್ಲ ವಿಭಾಗಗಳಲ್ಲೂ ಮಾಡಿ. ಯಾವ ಹಮಾಲರ ತಂಡದ ಜೊತೆ ಯಾವ ಒಪ್ಪಂದ, ಯಾವ ಊರಿನ ರೈತರಿಗೆ ಎಷ್ಟು ಮುಂಗಡ, ಯಾವ ಲಾರಿ ಮಾಲೀಕರಿಗೆ ಯಾವ ಬಾಕಿ, ಬಾಯಿಮಾತಿನಲ್ಲಿ ಕೊಟ್ಟ ಭಾಷೆಗಳು ಯಾವುವು. ಬಾಯಿಮಾತಿನ ಭಾಷೆಗಳ ಪಟ್ಟಿ ಎಲ್ಲಕ್ಕಿಂತ ಮುಖ್ಯ. ಹೊಸಬರು ಅದನ್ನು ತಿಳಿಯದೆ ಮುರಿದರೆ ಹೋಗುವುದು ನಿಮ್ಮ ಹೆಸರು.

4. ಹೊಸಬರನ್ನು ಗೊತ್ತು ಮಾಡಿ, ಗೆರೆ ಎಳೆಯಿರಿ. ಯಾವ ನಿರ್ಧಾರ ಯಾರದು ಎಂದು ಒಂದು ಪುಟದಲ್ಲಿ ಬರೆಯಿರಿ. ಖರೀದಿ ದರದಲ್ಲಿ ಇಷ್ಟು ಮಿತಿಯೊಳಗೆ ಹಳಬರದು, ಅದನ್ನು ಮೀರಿದರೆ ಹೊಸ ಮ್ಯಾನೇಜರರದು. ರಜೆ, ಹಾಜರಿ, ಪಾವತಿ ಪೂರ್ತಿ ಹೊಸಬರದು – ಹೀಗೆ. ‘ಇಬ್ಬರೂ ಕೂಡಿ ನೋಡಿಕೊಳ್ಳಿ’ ಎಂಬುದು ಗೆರೆ ಅಲ್ಲ, ಜಗಳಕ್ಕೆ ಆಹ್ವಾನ.

ಹೊಸಬರು ನಿಮ್ಮ ಮಗನೋ ಮಗಳೋ ಆಗಿದ್ದರೆ ಇನ್ನೂ ಸೂಕ್ಷ್ಮ. ಎತ್ತಿ ಆಡಿಸಿದ ಮಗುವಿನ ಎದುರು ಈಗ ಲೆಕ್ಕ ಒಪ್ಪಿಸಬೇಕು ಎಂಬುದು ಅವರಿಗೆ ಸುಲಭವಲ್ಲ. ಹಾಗಿರುವಾಗ ಬದಲಾವಣೆಯ ಮಾತನ್ನು ಮಕ್ಕಳ ಬಾಯಲ್ಲಿ ಹೇಳಿಸಬಾರದು. ನೇಮಿಸಿದವರು ನೀವು, ಹೇಳಬೇಕಾದವರೂ ನೀವೇ.

5. ಹೊತ್ತು ನೋಡಿ. ಧಾರವಾಡ ಸೀಮೆಯಲ್ಲಿ ಆಗಸ್ಟ್-ಸೆಪ್ಟೆಂಬರ್ ಹೆಸರಿನ ಕಾಲ, ಅಕ್ಟೋಬರ್ ಸೋಯಾ ಕಾಲ, ನವೆಂಬರ್‌ನಿಂದ ಹತ್ತಿ, ಫೆಬ್ರುವರಿ-ಮಾರ್ಚ್ ಕಡಲೆ. ಮಾಲು ಬರುವಾಗ ಮ್ಯಾನೇಜರರನ್ನು ಬದಲಿಸಬೇಡಿ. ಕಾಳಿನ ವ್ಯವಹಾರಕ್ಕೆ ಕಡಲೆ ಮುಗಿದ ಮೇಲಿನ ಏಪ್ರಿಲ್-ಮೇ ಅನುಕೂಲ. ಹಣಕಾಸು ವರ್ಷವೂ ಆಗಲೇ ಹೊಸದಾಗುತ್ತದೆ. ಬೀಜ-ಗೊಬ್ಬರದ ಅಂಗಡಿಗೆ ಅದೇ ತಯಾರಿಯ ಸಮಯವಾದ್ದರಿಂದ ಚಳಿಗಾಲ ಲೇಸು. ಪತ್ತಿನ ಸಂಘದಲ್ಲಿ ಮಾರ್ಚ್ ವಸೂಲಿ, ಆಮೇಲೆ ಮುಂಗಾರಿ ಸಾಲ, ಸೆಪ್ಟೆಂಬರಿನೊಳಗೆ ವಾರ್ಷಿಕ ಮಹಾಸಭೆ. ಮಹಾಸಭೆ ಮುಗಿದ ಮೇಲೆ ಒಂದು ಕಿಂಡಿ ಸಿಗುತ್ತದೆ. ಅವರ ಮನೆಯಲ್ಲಿ ಮದುವೆ, ಆಸ್ಪತ್ರೆ, ಸಾವು ಇದ್ದರೆ ನಿಲ್ಲಿ. ಆದರೆ ಹಂಗಾಮಿನ ನೆಪದಲ್ಲಿ ಒಂದು ಸಲಕ್ಕಿಂತ ಹೆಚ್ಚು ಮುಂದೂಡಬೇಡಿ. ಇಲ್ಲಿ ಯಾವ ತಿಂಗಳೂ ಪೂರ್ತಿ ಖಾಲಿ ಇರುವುದಿಲ್ಲ.

6. ಮೊದಲು ಅವರಿಗೇ ಹೇಳಿ, ಒಬ್ಬರೇ ಇದ್ದಾಗ ಹೇಳಿ. ಸಿಬ್ಬಂದಿ, ಹೊಸ ಮ್ಯಾನೇಜರರ ಸಂಬಂಧಿಕರು, ಚಹಾದಂಗಡಿ – ಇವರಿಗಿಂತ ಮೊದಲು ಅವರಿಗೆ ತಿಳಿಯಬೇಕು. ಎರಡು ಬೈಠಕ್ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ನಿರ್ಧಾರ ಮತ್ತು ಹೊಸ ಹೊಣೆಯ ಸುಳಿವು ಮಾತ್ರ. ಎರಡನೆಯದರಲ್ಲಿ, ಎರಡು-ಮೂರು ದಿನದ ನಂತರ, ಹೊಸ ಹುದ್ದೆಯ ವಿವರ. ಮೊದಲ ದಿನ ಅವರಿಗೆ ವಿವರ ಕೇಳಿಸುವುದೇ ಇಲ್ಲ.

7. ಪತ್ರ, ಕೀಲಿ, ಒಟಿಪಿ. ಸಣ್ಣ ಸಂಸ್ಥೆಗಳು ಎಡವುವುದು ಇಲ್ಲಿ. ಜಿಎಸ್‌ಟಿ, ಇ-ವೇ ಬಿಲ್, ಬ್ಯಾಂಕು, ಪಿಎಫ್ ತಾಣಗಳ ಒಟಿಪಿ ಇನ್ನೂ ಹಳಬರ ಮೊಬೈಲಿಗೇ ಬರುತ್ತಿರುತ್ತದೆ. ಹೊಸ ಮ್ಯಾನೇಜರರು ದಿನಕ್ಕೆ ಆರು ಸಲ ಫೋನ್ ಮಾಡಿ ‘ಸರ್, ಒಟಿಪಿ ಹೇಳ್ರಿ’ ಎಂದರೆ ಇಬ್ಬರಿಗೂ ಅವಮಾನ. ಬ್ಯಾಂಕಿನ ಸಹಿ ಅಧಿಕಾರ, ಅಧಿಕೃತ ಸಹಿದಾರರ ಹೆಸರು, ಡಿಜಿಟಲ್ ಸಹಿ, ಗೋದಾಮಿನ ಕೀಲಿ, ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ – ಎಲ್ಲದರ ಪಟ್ಟಿ ಮಾಡಿ, ನಿಗದಿತ ದಿನಾಂಕಕ್ಕೆ ಒಮ್ಮೆಗೇ ಬದಲಿಸಿ. ಇದು ಅಪನಂಬಿಕೆಯಲ್ಲ, ಅವರ ರಕ್ಷಣೆ ಎಂದು ವಿವರಿಸಿ: ನಾಳೆ ಬೇರೆಯವರು ಮಾಡಿದ ತಪ್ಪಿಗೆ ಅವರ ಸಹಿ ಸಿಕ್ಕಿಹಾಕಿಕೊಳ್ಳಬಾರದು.

8. ಘೋಷಣೆ ಅವರ ಎದುರೇ ಆಗಲಿ. ಹೊಸಬರನ್ನು ಸಿಬ್ಬಂದಿಗೆ ಪರಿಚಯಿಸುವವರು ಹಳಬರೇ ಆದರೆ ಎಲ್ಲಕ್ಕಿಂತ ಒಳ್ಳೆಯದು. ಹಾರೋಬೆಳವಡಿ, ಮರೇವಾಡ, ಕರಡಿಗುಡ್ಡದಂಥ ಸುತ್ತಲಿನ ಊರುಗಳ ರೈತರ ಹತ್ತಿರ ಇಬ್ಬರೂ ಕೂಡಿಯೇ ಹೋಗಲಿ. ದೀಪಾವಳಿ ಪಾಡ್ಯಕ್ಕೆ ಹೊಸ ಖಾತೆ ಪುಸ್ತಕದ ಪೂಜೆಯಲ್ಲಿ ಅವರು ಕೂಡುತ್ತಿದ್ದ ಜಾಗವನ್ನು ಮುಟ್ಟಬೇಡಿ. ಅಧಿಕಾರ ಬದಲಾಗಲಿ, ಹಿರಿತನ ಬದಲಾಗಬೇಕಿಲ್ಲ.

9. ಹಳೆಯ ದಾರಿ ಮುಚ್ಚಿ. ಮೊದಲ ಮೂರು ತಿಂಗಳು ಸಿಬ್ಬಂದಿ ಹಳಬರ ಹತ್ತಿರವೇ ಹೋಗುತ್ತಾರೆ. ಅವರು ‘ಹೊಸ ಸಾಹೇಬ್ರನ್ನ ಕೇಳ್ರಿ’ ಎಂದು ಕಳಿಸಬೇಕು. ಅದಕ್ಕಿಂತ ಕಷ್ಟದ್ದು ನಿಮ್ಮ ಪಾಲು: ನೀವೂ ಅವರಿಗೆ ಫೋನ್ ಮಾಡಿ ‘ಅಂವ ಹೆಂಗ ಮಾಡಾಕತ್ತಾನ?’ ಎಂದು ಕೇಳಬಾರದು. ಆ ಒಂದು ಪ್ರಶ್ನೆ ಅವರನ್ನು ಗೂಢಚಾರರನ್ನಾಗಿ ಮಾಡುತ್ತದೆ. ತಿಂಗಳಿಗೊಮ್ಮೆ ಅವರ ಹೊಸ ಕೆಲಸದ ಬಗ್ಗೆ ಮಾತ್ರ ಕೂತು ಮಾತಾಡಿ.

ಮಾತು ಹೇಗಿರಬೇಕು?

ಕುರ್ಚಿ ಬದಲಾಗುವುದು ತೀರ್ಮಾನ, ಹೊಸ ಹೊಣೆಯ ಸ್ವರೂಪ ಚರ್ಚೆ. ಎರಡನ್ನೂ ಬೆರೆಸಬೇಡಿ. ತೀರ್ಮಾನವಾದದ್ದನ್ನು ‘ನೀವೇನಂತೀರಿ?’ ಎಂದು ಕೇಳಿದರೆ, ಅವರು ‘ಬ್ಯಾಡ’ ಎಂದಾಗ ನಿಮ್ಮ ಬಳಿ ಉತ್ತರ ಇರುವುದಿಲ್ಲ. ಮಾದರಿಗೆ ಹೀಗೆ:

‘ನೀವು ಇರದಿದ್ರ ಈ ಗಿರಣಿ ಇಲ್ಲೀತನಕ ಬರ್ತಿರಲಿಲ್ಲ. ಇದು ನನಗೂ ಗೊತ್ತು, ಊರಿಗೂ ಗೊತ್ತು. ಈಗ ಕೆಲಸದ ರೀತಿನ ಬದಲಾಗೈತಿ. ಏಪ್ರಿಲ್‌ನಿಂದ ಮ್ಯಾನೇಜರ್ ಜವಾಬ್ದಾರಿ ಬ್ಯಾರೆಯವರಿಗೆ ಕೊಡಬೇಕಂತ ನಾ ತೀರ್ಮಾನ ಮಾಡೇನಿ. ನಿಮ್ಮ ಪಗಾರ ಕಡಿಮಿ ಆಗೂದಿಲ್ಲ. ಖರೀದಿ ಮತ್ತ ರೈತರ ಕಡೆ ಕೆಲಸ ಪೂರ್ತಿ ನಿಮಗ ಒಪ್ಪಸಬೇಕಂತ ಐತಿ. ಅದರಾಗ ಏನ ಇರಬೇಕು, ಏನ ಬ್ಯಾಡ ಅನ್ನೂದನ್ನ ಇಬ್ರೂ ಕೂತು ಬರಿಯೂಣು.’

ಇಷ್ಟು ಹೇಳಿ ಸುಮ್ಮನಾಗಿ. ಅವರು ಸಿಟ್ಟಾಗಬಹುದು, ಮೌನವಾಗಬಹುದು, ‘ನಾಳೆಯಿಂದಲೇ ಬರೂದಿಲ್ಲ’ ಎನ್ನಬಹುದು. ಆ ಕ್ಷಣದ ರಾಜೀನಾಮೆಯನ್ನು ಸ್ವೀಕರಿಸಬೇಡಿ, ಆ ಕ್ಷಣದ ಒಪ್ಪಿಗೆಯನ್ನೂ ನಂಬಬೇಡಿ. ಮನೆಗೆ ಹೋಗಿ ಹೆಂಡತಿ ಮಕ್ಕಳ ಜೊತೆ ಮಾತಾಡಿ ಬರಲಿ.

ಆಡಬಾರದ ಮಾತುಗಳು: ‘ನಿಮಗ ವಯಸ್ಸಾತು’ (ಪ್ರಶ್ನೆ ವಯಸ್ಸಿನದ್ದಲ್ಲ), ‘ಸ್ವಲ್ಪ ಆರಾಮ ಮಾಡ್ರಿ’ (ಅವರು ಆರಾಮ ಕೇಳಿಲ್ಲ), ‘ಬ್ಯಾಂಕಿನವರು ಹೇಳ್ಯಾರ, ಆಡಿಟರ್ ಹೇಳ್ಯಾರ’ (ನಿರ್ಧಾರ ನಿಮ್ಮದು, ಬೇರೆಯವರ ಬೆನ್ನಿಗೆ ಅಡಗಬೇಡಿ), ‘ಇದು ಒಂಥರಾ ಪ್ರಮೋಷನ್’ (ಅಲ್ಲವೆಂದು ಇಬ್ಬರಿಗೂ ಗೊತ್ತು).

ಹಣದ ಲೆಕ್ಕ: ಸಂಬಳ ಯಾಕೆ ಇಳಿಸಬಾರದು?

ಹೊಣೆ ಕಡಿಮೆಯಾಯಿತು, ಸಂಬಳವೂ ಇಳಿಯಲಿ ಎಂದು ಕೆಲವರು ಯೋಚಿಸುತ್ತಾರೆ. ಇದರ ಪೆಟ್ಟು ಆ ತಿಂಗಳಿಗೆ ಮಾತ್ರ ಬೀಳುವುದಿಲ್ಲ. ಗ್ರಾಚ್ಯುಟಿಯನ್ನು ಕೊನೆಯ ತಿಂಗಳ ವೇತನದ ಮೇಲೆ, ಸೇವೆಯ ಎಲ್ಲ ವರ್ಷಗಳಿಗೂ ಲೆಕ್ಕ ಹಾಕುತ್ತಾರೆ. ಸೂತ್ರ ಸರಳ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ.

ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 26,000 ರೂ., ಸೇವೆ 22 ವರ್ಷ ಎಂದುಕೊಳ್ಳಿ. 15,000 ಗುಣಿಸು 22, ಅಂದರೆ 3,30,000 ರೂ. ಕೊನೆಗೆ ಸಂಬಳವನ್ನು 20,800ಕ್ಕೆ ಇಳಿಸಿದರೆ 12,000 ಗುಣಿಸು 22, ಅಂದರೆ 2,64,000 ರೂ. ಪೂರ್ಣ ಸಂಬಳದಲ್ಲಿ ದುಡಿದ ವರ್ಷಗಳ ಗ್ರಾಚ್ಯುಟಿಯೂ ಕರಗಿ 66,000 ರೂ. ನಷ್ಟ. ಸೇವೆಗೆ ಕೃತಜ್ಞತೆ ಹೇಳುತ್ತಲೇ ಸೇವೆಯ ಬೆಲೆ ಕತ್ತರಿಸಿದಂತೆ.

ಆದ್ದರಿಂದ ಸಂಬಳ ಹಾಗೆಯೇ ಇರಲಿ. ಅದು ಹೊರೆ ಎನಿಸಿದರೆ ಮುಂದಿನ ಏರಿಕೆಯನ್ನು ನಿಧಾನಗೊಳಿಸುವ ಬಗ್ಗೆ ಮುಕ್ತವಾಗಿ ಮಾತಾಡಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗೆ ಗ್ರಾಚ್ಯುಟಿ ಅನ್ವಯಿಸುತ್ತದೆ. ಸಾಮಾನ್ಯವಾಗಿ ಐದು ವರ್ಷದ ನಿರಂತರ ಸೇವೆ ಬೇಕು. ಅಂತಿಮ ವರ್ಷದಲ್ಲಿ ಆರು ತಿಂಗಳು ಮೀರಿದರೆ ಪೂರ್ತಿ ವರ್ಷವೆಂದೇ ಎಣಿಕೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ‘ವೇತನ’ದ ವ್ಯಾಖ್ಯೆ ಬದಲಾಗಿದೆ. ಹಾಗಾಗಿ ನಿಖರ ಮೊತ್ತವನ್ನು ನಿಮ್ಮ ಲೆಕ್ಕಪರಿಶೋಧಕರಿಂದಲೇ ತೆಗೆಸಿ, ಹಳೆಯ ಮ್ಯಾನೇಜರರಿಗೂ ತೋರಿಸಿ.

ಸಂಘ, ರೈತ ಕಂಪನಿಗಳಲ್ಲಾದರೆ

ಸ್ವಂತ ಅಂಗಡಿಯಲ್ಲಿ ನಿಮ್ಮ ಮಾತು ಸಾಕು. ಸಹಕಾರ ಸಂಘದಲ್ಲಿ ಸಾಲದು. ಅಲ್ಲಿ ಬೈಲಾ, ಸಿಬ್ಬಂದಿ ಸೇವಾ ನಿಯಮ ಮತ್ತು ಆಡಳಿತ ಮಂಡಳಿಯ ಠರಾವು ಮೂರೂ ಹೊಂದಬೇಕು. ಒಬ್ಬ ನಿರ್ದೇಶಕರು ಫೋನಿನಲ್ಲಿ ಹೇಳಿದ್ದನ್ನು ಆದೇಶ ಎನ್ನಲಾಗದು. ಚುನಾವಣೆಯ ಹೊಸ್ತಿಲಲ್ಲಿ ಈ ಕೆಲಸಕ್ಕೆ ಕೈ ಹಾಕಿದರೆ ಆಡಳಿತದ ಅಗತ್ಯಕ್ಕೆ ರಾಜಕೀಯದ ಬಣ್ಣ ಬರುತ್ತದೆ.

ಉತ್ಪಾದಕ ಕಂಪನಿಗಳಿಗೆ ಕಂಪನಿ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ: ಪೂರ್ಣಾವಧಿ ಮುಖ್ಯ ಕಾರ್ಯನಿರ್ವಾಹಕರು ಇರಲೇಬೇಕು, ಅವರನ್ನು ಮಂಡಳಿ ನೇಮಿಸಬೇಕು, ಅವರು ಕಂಪನಿಯ ಸದಸ್ಯರಾಗಿರಬಾರದು. ಆರಂಭದ ಉತ್ಸಾಹದಲ್ಲಿ ಊರಿನ ಸದಸ್ಯ ರೈತರೊಬ್ಬರೇ ಎಲ್ಲ ನೋಡಿಕೊಂಡಿದ್ದರೆ ಬದಲಾವಣೆಗೆ ಇದೇ ಕಾರಣ ಸಾಕು. ಅದೇ ಕಾಯ್ದೆಯಲ್ಲಿ ಒಂದು ಒಳ್ಳೆಯ ಬಾಗಿಲೂ ಇದೆ. ಒಟ್ಟು ನಿರ್ದೇಶಕರ ಐದನೇ ಒಂದು ಭಾಗ ಮೀರದಂತೆ ಪರಿಣತ ನಿರ್ದೇಶಕರನ್ನು ಮಂಡಳಿ ಸೇರಿಸಿಕೊಳ್ಳಬಹುದು. ದೀರ್ಘ ಅನುಭವದ ಹಳಬರಿಗೆ ಅದು ಒಪ್ಪುವ ಜಾಗ. ಅಧ್ಯಕ್ಷರ ಆಯ್ಕೆಯಲ್ಲಿ ಅವರಿಗೆ ಮತವಿಲ್ಲ ಎಂಬುದನ್ನು ಮೊದಲೇ ತಿಳಿಸಿ.

ಸಾಮಾನ್ಯ ತಪ್ಪುಗಳು

- ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನಾಟಕ. ಹುದ್ದೆ ಬದಲಿಸದೆ, ಅವರ ಮೇಲೊಬ್ಬ ‘ಜನರಲ್ ಮ್ಯಾನೇಜರ್’ ತಂದು ಕೂಡಿಸುವುದು, ಯಾಕೆಂದು ಹೇಳದಿರುವುದು. ಕೊನೆಗೆ ಅವರಿಗೆ ಕಾರಣ ತಿಳಿಯುವುದು ಸಂಬಂಧವಿಲ್ಲದವರ ಬಾಯಿಂದ.
- ಸೋಲಿಸಿ ಹೊರಗೆ ಹಾಕುವುದು. ಕೆಲಸ ಒಂದೊಂದಾಗಿ ಕಿತ್ತುಕೊಂಡು, ತಾವೇ ಬೇಸತ್ತು ಹೋಗಲಿ ಎಂದು ಕಾಯುವುದು. ಉಳಿದ ಸಿಬ್ಬಂದಿ ಇದನ್ನು ನೋಡುತ್ತಿರುತ್ತಾರೆ. ನಾಳೆ ತಮಗೂ ಇದೇ ಗತಿ ಎಂದು ಓದಿಕೊಳ್ಳುತ್ತಾರೆ.
- ಹೊಗಳಿಕೆಯಲ್ಲಿ ಮುಳುಗಿಸುವುದು. ಶಾಲು, ಹಾರ, ಭಾಷಣ ಎಲ್ಲ ಆಯಿತು. ಮರುದಿನ ಮಾಡಲು ಕೆಲಸವಿಲ್ಲ. ಸನ್ಮಾನ ಇರಲಿ, ಆದರೆ ಹೊಸ ಹೊಣೆಯ ಪತ್ರ ಅದಕ್ಕಿಂತ ಮೊದಲು ಕೈಸೇರಲಿ.
- ಹೊಸಬರಿಗೆ ಹಳಬರನ್ನು ದೂರುವುದು. ‘ಅವರ ಕಾಲದಾಗ ಎಲ್ಲಾ ಹದಗೆಟ್ಟಿತ್ತು’ ಎಂದು ನೀವು ಒಮ್ಮೆ ಹೇಳಿದರೆ, ಹೊಸಬರು ಪ್ರತಿ ತಪ್ಪಿಗೂ ಅದನ್ನೇ ಹೇಳುತ್ತಾರೆ.
- ಮೊದಲ ತೊಂದರೆಗೇ ಹಿಂದಕ್ಕೆ ಕರೆಯುವುದು. ಹೊಸಬರು ಒಂದು ಹಂಗಾಮು ಎಡವಿದರೆಂದು ಹಳಬರನ್ನು ಮತ್ತೆ ಕೂಡಿಸಿದರೆ ಇಬ್ಬರೂ ಕೈತಪ್ಪುತ್ತಾರೆ.

ಎಚ್ಚರಿಕೆಗಳು

ಈ ಇಡೀ ಕ್ರಮ ನಿಯತ್ತಿನಿಂದ ದುಡಿದವರಿಗೆ. ಹಣ ದುರುಪಯೋಗದ ಅನುಮಾನ ಇದ್ದರೆ ಹುದ್ದೆ ಬದಲಾವಣೆಯ ಮರೆಯಲ್ಲಿ ಮುಚ್ಚಿಹಾಕಬೇಡಿ. ಅದಕ್ಕೆ ಲೆಕ್ಕ ಪರಿಶೀಲನೆ, ನೋಟಿಸು, ವಿಚಾರಣೆಯ ದಾರಿಯೇ ಬೇರೆ. ಎರಡನ್ನೂ ಬೆರೆಸಿದರೆ ನಿರಪರಾಧಿಗೆ ಕಳಂಕ, ಅಪರಾಧಿಗೆ ರಕ್ಷೆ.

‘ಮ್ಯಾನೇಜರ್’ ಎಂಬ ಹೆಸರಿದ್ದ ಮಾತ್ರಕ್ಕೆ ಕಾರ್ಮಿಕ ಕಾನೂನು ಅನ್ವಯಿಸದು ಎಂದು ತಿಳಿಯಬೇಡಿ. ನ್ಯಾಯಾಲಯಗಳು ನೋಡುವುದು ಪದನಾಮವನ್ನಲ್ಲ, ನಿಜವಾಗಿ ಮಾಡುತ್ತಿದ್ದ ಕೆಲಸವನ್ನು. ಸೇವಾ ಷರತ್ತು ಬದಲಿಸುವ ಪತ್ರವನ್ನು ವಕೀಲರಿಗೆ ಒಮ್ಮೆ ತೋರಿಸಿ.

ಖಾಲಿ ಕಾಗದಕ್ಕೆ, ಹಿಂದಿನ ದಿನಾಂಕದ ರಾಜೀನಾಮೆಗೆ ಸಹಿ ಹಾಕಿಸಿಕೊಳ್ಳಬೇಡಿ. ಕಾನೂನಿನಲ್ಲಿ ಅದು ನಿಮಗೆ ಮುಳುವು, ಊರಿನಲ್ಲಿ ಇನ್ನೂ ಹೆಚ್ಚು.

ಇಷ್ಟೆಲ್ಲ ಮಾಡಿದ ಮೇಲೂ ಅವರು ಒಪ್ಪದೆ ಹೊರಟು ನಿಂತರೆ? ಬಿಡಿ. ಬಾಕಿಯನ್ನೆಲ್ಲ ವಾಯಿದೆಯೊಳಗೆ ಕೊಡಿ. ಗ್ರಾಚ್ಯುಟಿಗೆ 30 ದಿನಗಳ ಗಡುವಿದೆ. ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡಿ: ‘ಅವರು ಕಟ್ಟಿದ ಸಂಸ್ಥೆ ಇದು.’ ಅವರು ಪಕ್ಕದ ಗಿರಣಿಗೆ ಸೇರಿದರೂ ಉತ್ತರ ಬದಲಾಗಬಾರದು.

ಈ ವಾರದ ಕೆಲಸ

ಭಾನುವಾರ ಒಂದು ತಾಸು ಬಿಡುವು ಮಾಡಿಕೊಂಡು, ಮೊದಲ ಹಂತದಲ್ಲಿ ಹೇಳಿದ ಎರಡು ಹಾಳೆಗಳನ್ನು ಬರೆಯಿರಿ. ಹೆಸರು ಬರೆಯಬೇಡಿ, ಕೆಲಸಗಳನ್ನು ಬರೆಯಿರಿ. ಸೋಮವಾರ ಲೆಕ್ಕಪರಿಶೋಧಕರಿಂದ ಗ್ರಾಚ್ಯುಟಿ ಮೊತ್ತ ತೆಗೆಸಿ, ಅದಕ್ಕೆ ಹಣ ಇದೆಯೇ ನೋಡಿ. ಇಲ್ಲದಿದ್ದರೆ ಕೂಡಿಡಲು ಆರಂಭಿಸಿ. ಆಮೇಲೆ ಕ್ಯಾಲೆಂಡರಿನಲ್ಲಿ ಒಂದು ದಿನಾಂಕಕ್ಕೆ ಗುರುತು ಹಾಕಿ. ಆ ದಿನಾಂಕ ಎರಡನೇ ಸಲ ಮುಂದಕ್ಕೆ ಹೋದರೆ, ನೀವು ಮುಂದೂಡುತ್ತಿರುವುದು ಅವರ ಹಿತಕ್ಕಾಗಿ ಅಲ್ಲ, ನಿಮ್ಮ ಮುಜುಗರ ತಪ್ಪಿಸಿಕೊಳ್ಳಲು ಎಂದು ತಿಳಿಯಿರಿ.